ಫುಲ್ಲರ್ ಸೆಮಿನರಿ: ಬೈಬಲನ್ನು ಕಾಯಲು ಹೊರಟವರ ಕಥೆ



“ನೀವು ಕಥೋಲಿಕರು ಬೈಬಲನ್ನು ಪೂರ್ತಿಯಾಗಿ ನಂಬುತ್ತೀರಾ?” ಈ ಪ್ರಶ್ನೆಯನ್ನು ನಿಮ್ಮಲ್ಲಿ ಅನೇಕರು ಎದುರಿಸಿದ್ದೀರಿ. ಕೇಳುವವರು ಪಕ್ಕದ ಮನೆಯವರಿರಬಹುದು, ಬಸ್ ನಿಲ್ದಾಣದಲ್ಲಿ ಕರಪತ್ರ ಕೊಡುವ ಯುವಕರಿರಬಹುದು, ನಮ್ಮದೇ ಧರ್ಮಕೇಂದ್ರವನ್ನು ಬಿಟ್ಟು ಬೇರೆ ಪ್ರಾರ್ಥನಾಕೂಟಕ್ಕೆ ಹೋಗುತ್ತಿರುವ ಹತ್ತಿರದ ಬಂಧುವೇ ಇರಬಹುದು. ಹೌದು ಎಂದರೆ ಮರುಪ್ರಶ್ನೆ ಸಿದ್ಧವಾಗಿರುತ್ತದೆ; ಇಲ್ಲ ಎನ್ನಲು ಮನಸ್ಸು ಒಪ್ಪದು. ಈ ಪ್ರಶ್ನೆಯಲ್ಲಿ ತೊಡಕಿರುವುದು ‘ನಂಬುತ್ತೀರಾ’ ಎಂಬ ಮಾತಿನಲ್ಲಲ್ಲ, ‘ಪೂರ್ತಿಯಾಗಿ’ ಎಂಬ ಮಾತಿನಲ್ಲಿ. ಆ ಒಂದು ಮಾತಿನ ಅರ್ಥಕ್ಕಾಗಿ ಇವ್ಯಾಂಜೆಲಿಕಲ್ ಕ್ರೈಸ್ತರು ತಮ್ಮೊಳಗೇ ವರ್ಷಗಟ್ಟಲೆ ಹೋರಾಡಿದರು. ಆ ಹೋರಾಟದ ಮುಖ್ಯ ಅಂಗಳವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾ ನಗರದಲ್ಲಿರುವ ಫುಲ್ಲರ್ ಥಿಯೋಲಾಜಿಕಲ್ ಸೆಮಿನರಿ. ಅದರ ಕಥೆಯನ್ನು ನಾವು ತಿಳಿದಿರುವುದು ಒಳ್ಳೆಯದು. ಏಕೆಂದರೆ ಅದರ ಒಂದು ಅಧ್ಯಾಯ ನಮ್ಮದೂ ಹೌದು.

ಮೊದಲು ಒಂದು ವಿವರಣೆ. ಇವ್ಯಾಂಜೆಲಿಕಲ್ ಎಂಬುದು ಒಂದು ಸಭೆಯ ಹೆಸರಲ್ಲ. ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಮೆಥೊಡಿಸ್ಟ್, ಪೆಂತೆಕೋಸ್ತ್ ಮುಂತಾದ ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹರಡಿಕೊಂಡಿರುವ ಒಂದು ಮನೋಧರ್ಮ ಅದು. ಬೈಬಲೇ ಪರಮ ಅಧಿಕಾರ, ಶಿಲುಬೆಯೇ ರಕ್ಷಣೆ, ಪ್ರತಿಯೊಬ್ಬರೂ ಸ್ವತಃ ಮನಪರಿವರ್ತನೆ ಹೊಂದಬೇಕು, ಹೊಂದಿದವರು ಸುಮ್ಮನಿರದೆ ಸಾರಬೇಕು – ಇದು ಅವರ ತಿರುಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬೈಬಲಿನ ಬಗ್ಗೆ, ಡಾರ್ವಿನ್ನರ ವಿಕಾಸವಾದದ ಬಗ್ಗೆ ದೊಡ್ಡ ಜಗಳವೆದ್ದಿತು. 1910ರಿಂದ 1915ರವರೆಗೆ ‘ದಿ ಫಂಡಮೆಂಟಲ್ಸ್’ ಎಂಬ ಕಿರುಹೊತ್ತಿಗೆಗಳು ಊರೂರಿಗೆ ಹಂಚಲ್ಪಟ್ಟವು. ‘ಫಂಡಮೆಂಟಲಿಸ್ಟ್’ ಎಂಬ ಪದ ಹುಟ್ಟಿದ್ದು ಆ ಬಳಗದಿಂದ. 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ ಮೇಲೆ ನಡೆದ ಮೊಕದ್ದಮೆಯಲ್ಲಿ ಅವರು ಗೆದ್ದರೂ ಪತ್ರಿಕೆಗಳ ನಗೆಪಾಟಲಿಗೆ ಗುರಿಯಾದರು. 1929ರಲ್ಲಿ ಪ್ರಿನ್ಸ್‌ಟನ್ ಸೆಮಿನರಿಯೂ ಅವರ ಕೈತಪ್ಪಿತು. ಅಲ್ಲಿಂದ ಮುಂದೆ ಅವರು ತಮ್ಮದೇ ಬೈಬಲ್ ಶಾಲೆ, ತಮ್ಮದೇ ಪತ್ರಿಕೆ ಎಂದು ಗೋಡೆಯೊಳಗೆ ಸೇರಿಕೊಂಡರು.

ಚಾರ್ಲ್ಸ್ ಫುಲ್ಲರ್ ಆ ಗೋಡೆಯೊಳಗಿನವರು. ಆದರೆ ಅವರ ಧ್ವನಿ ಗೋಡೆ ದಾಟಿತ್ತು. ಕಿತ್ತಳೆ ಬೆಳೆಗಾರರ ಮಗ, ತಾವೂ ಕಿತ್ತಳೆ ವ್ಯಾಪಾರ ಮಾಡಿದವರು, 1916ರಲ್ಲಿ ಒಂದು ಪ್ರವಚನ ಕೇಳಿ ಮನಪರಿವರ್ತನೆ ಹೊಂದಿ ಬೋಧಕರಾದರು. ‘ಓಲ್ಡ್ ಫ್ಯಾಷನ್ಡ್ ರಿವೈವಲ್ ಅವರ್’ ಎಂಬ ಅವರ ರೇಡಿಯೋ ಕಾರ್ಯಕ್ರಮ 1937ರಿಂದ ದೇಶದಾದ್ಯಂತ ಕೇಳಿಬರತೊಡಗಿತು. ಪತ್ನಿ ಗ್ರೇಸ್ ಕೇಳುಗರ ಪತ್ರಗಳನ್ನು ಓದುವರು. ಯುದ್ಧಕ್ಕೆ ಹೋದ ಮಗನ ತಾಯಿ, ಕುಡಿತ ಬಿಟ್ಟ ಗಂಡ, ಒಂಟಿ ಮುದುಕರು – ಎಲ್ಲರ ಪತ್ರಗಳು. ಪತ್ರ ಮುಗಿದ ಮೇಲೆ ಫುಲ್ಲರ್ ಸರಳ ಮಾತಿನಲ್ಲಿ ಬೋಧಿಸುವರು. ಅವರ ಆಸೆ ಒಂದೇ: ಬೋಧಕರನ್ನು ತರಬೇತಿಗೊಳಿಸುವ ಒಂದು ಶಾಲೆ. ಹಣವಿತ್ತು, ಜನರ ಪ್ರೀತಿಯಿತ್ತು, ವಿದ್ವತ್ತು ಇರಲಿಲ್ಲ.

ವಿದ್ವತ್ತನ್ನು ತಂದವರು ಬೋಸ್ಟನ್ನಿನ ಪಾರ್ಕ್ ಸ್ಟ್ರೀಟ್ ಚರ್ಚಿನ ಪಾಲಕ ಹೆರಾಲ್ಡ್ ಜಾನ್ ಆಕೆಂಗಾ. ಬರಿಯ ಬೈಬಲ್ ಶಾಲೆ ಸಾಲದು, ಪ್ರಿನ್ಸ್‌ಟನ್ ಕಳೆದುಕೊಂಡದ್ದನ್ನು ಪಶ್ಚಿಮ ಕರಾವಳಿಯಲ್ಲಿ ಮತ್ತೆ ಕಟ್ಟಬೇಕು ಎಂಬುದು ಅವರ ಕನಸು. 1947ರಲ್ಲಿ ಪಸಡೀನಾದ ಲೇಕ್ ಅವೆನ್ಯೂ ಚರ್ಚಿನ ಕೊಠಡಿಗಳಲ್ಲಿ 39 ವಿದ್ಯಾರ್ಥಿಗಳೊಂದಿಗೆ ಸೆಮಿನರಿ ಆರಂಭವಾಯಿತು. ಮೊದಲ ಅಧ್ಯಕ್ಷರಾದ ಆಕೆಂಗಾ ಬೋಸ್ಟನ್ ಬಿಟ್ಟು ಬರಲೇ ಇಲ್ಲ. ದೇಶದ ಆ ತುದಿಯಲ್ಲಿ ಕುಳಿತು ಈ ತುದಿಯ ಕಾಲೇಜನ್ನು ನಡೆಸಿದರು. (ಮನೆಯಲ್ಲಿ ತಂದೆ ಇಲ್ಲದಾಗ ಮಕ್ಕಳ ಜಗಳ ಹೇಗೆ ಬೆಳೆಯುತ್ತದೆಂದು ನಿಮಗೆ ಗೊತ್ತು.) ಮೊದಲ ಪ್ರಾಧ್ಯಾಪಕರಲ್ಲಿ ವಿಲ್ಬರ್ ಸ್ಮಿತ್, ಎವರೆಟ್ ಹ್ಯಾರಿಸನ್, ಹೆರಾಲ್ಡ್ ಲಿಂಡ್‌ಸೆಲ್, ಕಾರ್ಲ್ ಹೆನ್ರಿ ಇದ್ದರು. ಹೆನ್ರಿಯವರು ಅದೇ 1947ರಲ್ಲಿ ಒಂದು ಸಣ್ಣ ಪುಸ್ತಕ ಬರೆದು ತಮ್ಮವರನ್ನೇ ಚುಚ್ಚಿದ್ದರು: ಯುದ್ಧ, ವರ್ಣಭೇದ, ಕೂಲಿಕಾರರ ಕಷ್ಟ ಇವುಗಳ ಬಗ್ಗೆ ಒಂದು ಮಾತೂ ಆಡದ ನಮ್ಮ ಶುಭಸಂದೇಶ ಎಂಥದ್ದು ಎಂದು. ಮೂಲನಂಬಿಕೆ ಬಿಡದೆ ಗೋಡೆಯಾಚೆ ಬರುವುದು – ಇದನ್ನೇ ಆಕೆಂಗಾ ‘ನವ ಇವ್ಯಾಂಜೆಲಿಕಲ್’ ಮಾರ್ಗವೆಂದು ಕರೆದರು.

ಗೋಡೆಯಿಂದ ಹೊರಬಂದವರಿಗೆ ಎರಡೂ ಕಡೆಯಿಂದ ಕಲ್ಲು. ಲಾಸ್ ಏಂಜಲೀಸಿನ ಪ್ರೆಸ್ಬಿಟೇರಿಯನ್ ಆಡಳಿತ ಮಂಡಳಿ ಫುಲ್ಲರಿನ ಪ್ರಾಧ್ಯಾಪಕರನ್ನು ಒಪ್ಪಿಕೊಳ್ಳಲಿಲ್ಲ. ಇವರು ಸಭೆ ಒಡೆಯುವವರೆಂದು ಅವರಿಗೆ ಸಂಶಯ. ಇತ್ತ ಹಂಗೇರಿಯಿಂದ ಬಂದ ಬೇಲಾ ವಸ್ಸಾಡಿ ಎಂಬ ಪ್ರಾಧ್ಯಾಪಕರು ಸಭೆಗಳ ವಿಶ್ವಮಂಡಳಿಯ ಪರವಾಗಿ ಒಳ್ಳೆಯ ಮಾತಾಡಿದ್ದಕ್ಕೆ ಕಾಲೇಜನ್ನೇ ಬಿಡಬೇಕಾಯಿತು. ನಮ್ಮ ಬಗ್ಗೆಯಂತೂ ಒಳ್ಳೆಯ ಮಾತು ಇರಲಿಲ್ಲ. 1960ರ ಚುನಾವಣೆಯಲ್ಲಿ ಜಾನ್ ಕೆನಡಿ ಕಥೋಲಿಕರೆಂಬ ಕಾರಣಕ್ಕೆ ಅವರನ್ನು ಬಹಿರಂಗವಾಗಿ ವಿರೋಧಿಸಿದ ಪಾಲಕರ ಮುಂಚೂಣಿಯಲ್ಲಿ ಆಕೆಂಗಾ ಇದ್ದರು. ಇದನ್ನು ಮರೆಮಾಚಬೇಕಾಗಿಲ್ಲ, ಆ ಕಾಲದಲ್ಲಿ ನಮ್ಮ ಪುಸ್ತಕಗಳೂ ಅವರನ್ನು ಹೊಗಳುತ್ತಿರಲಿಲ್ಲ.

ಕಾರ್ನೆಲ್ ಎಂಬ ಗುರು

1954ರಲ್ಲಿ ಎಡ್ವರ್ಡ್ ಜಾನ್ ಕಾರ್ನೆಲ್ ಅಧ್ಯಕ್ಷರಾದರು. ವಯಸ್ಸು ಮೂವತ್ತೈದರ ಆಸುಪಾಸು, ಎರಡು ವಿಶ್ವವಿದ್ಯಾಲಯಗಳಿಂದ ಎರಡು ಡಾಕ್ಟರೇಟು. 1955ರ ತಮ್ಮ ಅಧಿಕಾರ ಸ್ವೀಕಾರ ಭಾಷಣದಲ್ಲಿ ಅವರು ಹೇಳಿದ ವಿಷಯ ನಮಗೆ ಬಹಳ ಸಾಧುವಾಗಿ ಕಾಣುತ್ತದೆ: ಸತ್ಯ ನಮ್ಮ ಕೈಯಲ್ಲಿದೆ ಎಂಬ ಅಹಂಕಾರ ಬೇಡ, ಭಿನ್ನಾಭಿಪ್ರಾಯವಿರುವವರನ್ನು ಪ್ರೀತಿಸಲು ವಿದ್ಯಾರ್ಥಿಗಳಿಗೆ ಕಲಿಸೋಣ. ಕೆಲವು ಹಿರಿಯ ಪ್ರಾಧ್ಯಾಪಕರು ಸಿಡಿಮಿಡಿಗೊಂಡರು. ಪ್ರೀತಿಯ ಮಾತು ರಾಜಿಯ ಮೊದಲ ಹೆಜ್ಜೆ ಎಂದು ಅವರಿಗೆ ಅನ್ನಿಸಿತು. 1959ರ ಪುಸ್ತಕವೊಂದರಲ್ಲಿ ಕಾರ್ನೆಲ್ಲರು ಫಂಡಮೆಂಟಲಿಸಂ ಎಂಬುದು ಪಂಥವಾಗಿ ಕುಗ್ಗಿಹೋದ ಸಂಪ್ರದಾಯವೆಂದು ಬರೆದಾಗ ಹೊರಗಿನ ವೈರಿಗಳೂ ಎದ್ದರು. ನಿದ್ರೆ ಬಾರದ ರಾತ್ರಿಗಳು, ಖಿನ್ನತೆ, ಆಸ್ಪತ್ರೆಯ ಚಿಕಿತ್ಸೆ. 1959ರಲ್ಲೇ ಅಧ್ಯಕ್ಷಗಿರಿ ಬಿಟ್ಟು ಪಾಠಕ್ಕೆ ಮರಳಿದರು.

1967ರ ಏಪ್ರಿಲ್ 25ರಂದು ಓಕ್ಲೆಂಡ್ ನಗರದ ಹೋಟೆಲೊಂದರ ಕೋಣೆಯಲ್ಲಿ ಅವರು ಮೃತರಾಗಿ ಸಿಕ್ಕರು. ನಿದ್ರೆಮಾತ್ರೆ ಹೆಚ್ಚಾಗಿತ್ತು, ಅದು ಆಕಸ್ಮಿಕವೋ ಅಲ್ಲವೋ ಎಂದು ವೈದ್ಯಾಧಿಕಾರಿಗೂ ತೀರ್ಮಾನಿಸಲಾಗಲಿಲ್ಲ. ನಾವೂ ತೀರ್ಮಾನಿಸುವುದು ಬೇಡ. ಅವರು ಓಕ್ಲೆಂಡಿಗೆ ಹೋಗಿದ್ದು ಯಾವುದಕ್ಕೆ ಎಂಬುದನ್ನು ಮಾತ್ರ ಹೇಳುತ್ತೇನೆ: ಕ್ರೈಸ್ತ ಐಕ್ಯಕ್ಕಾಗಿ ಕಥೋಲಿಕರು ಏರ್ಪಡಿಸಿದ್ದ ಸಭೆಯೊಂದರಲ್ಲಿ ಮಾತನಾಡಲು. ವಯಸ್ಸು 47. ಈ ತಿಂಗಳ ನಿಮ್ಮ ಮೃತರ ಸ್ಮರಣೆಯಲ್ಲಿ ಅವರಿಗೊಂದು ಪ್ರಾರ್ಥನೆ ಇರಲಿ.

ಕರಾಳ ಶನಿವಾರ

ಈಗ 1962ಕ್ಕೆ ಬರೋಣ. ಫುಲ್ಲರ್ ಸೆಮಿನರಿಯ ವಿಶ್ವಾಸ ಪ್ರಮಾಣದಲ್ಲಿ ಬೈಬಲ್ ಇಡಿಯಾಗಿಯೂ ಬಿಡಿಯಾಗಿಯೂ ಸಕಲ ತಪ್ಪುಗಳಿಂದ ಮುಕ್ತ ಎಂಬ ಅರ್ಥದ ಮಾತಿತ್ತು. ಪ್ರತಿಯೊಬ್ಬ ಪ್ರಾಧ್ಯಾಪಕರೂ ಅದಕ್ಕೆ ಸಹಿ ಹಾಕಬೇಕು. ಸ್ಥಾಪಕರ ಏಕೈಕ ಮಗ ಡೇನಿಯಲ್ ಫುಲ್ಲರ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ ಅದೇ ವರ್ಷ ಹಿಂತಿರುಗಿದ್ದರು. (ಬಾಸೆಲ್ ಎಂದೊಡನೆ ನಮ್ಮ ಕರಾವಳಿಯವರಿಗೆ 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನು, ಅದರ ಹಂಚು, ಅಚ್ಚುಕೂಟ ನೆನಪಾಗುತ್ತದೆ, ಅದೇ ಊರು.) ಡಿಸೆಂಬರ್ 1ರ ಶನಿವಾರ ಪಸಡೀನಾದ ಹೋಟೆಲೊಂದರಲ್ಲಿ ಪ್ರಾಧ್ಯಾಪಕರು ಮತ್ತು ಧರ್ಮದರ್ಶಿಗಳು ಸೇರಿ ಚರ್ಚಿಸುತ್ತಿದ್ದಾಗ ಡೇನಿಯಲ್ ಎದ್ದು, ಬೈಬಲಿನಲ್ಲಿ ತಪ್ಪುಗಳಿವೆ, ಅವು ನಕಲು ಮಾಡಿದವರ ಕೈತಪ್ಪುಗಳೆಂದು ಹೇಳಿ ಮುಗಿಸಲಾಗದು ಎಂದರು. ದೇವರು ನಮ್ಮನ್ನು ರಕ್ಷಿಸಲು ತಿಳಿಸಿದ್ದರಲ್ಲಿ ತಪ್ಪಿಲ್ಲ. ಪಕ್ಕದ ವಿವರಗಳಲ್ಲಿ ಆ ಕಾಲದ ಜನರ ತಿಳುವಳಿಕೆಯೇ ಇದೆ. ಮುಂದೆ ಅವರು ಕೊಟ್ಟ ಉದಾಹರಣೆ ಸಾಸಿವೆ ಕಾಳಿನದು. ಪ್ರಭುಯೇಸು ಅದನ್ನು ಬೀಜಗಳಲ್ಲೆಲ್ಲಾ ಚಿಕ್ಕದು ಎಂದರು (ಮತ್ತಾಯ 13:32). ಸಸ್ಯಶಾಸ್ತ್ರದ ಪ್ರಕಾರ ಅದಕ್ಕಿಂತ ಚಿಕ್ಕ ಬೀಜಗಳಿವೆ. ಯೇಸು ಹೇಳಹೊರಟದ್ದು ಸ್ವರ್ಗಸಾಮ್ರಾಜ್ಯದ ಬೆಳವಣಿಗೆಯ ಬಗ್ಗೆ, ಸಸ್ಯಶಾಸ್ತ್ರದ ಬಗ್ಗೆಯಲ್ಲ.

ಸಭೆಯಲ್ಲಿ ಕೋಲಾಹಲ. ಸ್ಥಾಪಕರ ಸ್ವಂತ ಮಗ! ತಂದೆ ಮಗನನ್ನು ಬಿಟ್ಟುಕೊಡಲಿಲ್ಲ. ಆ ದಿನಕ್ಕೆ ಕಾಲೇಜಿನವರೇ ‘ಕರಾಳ ಶನಿವಾರ’ವೆಂದು ಹೆಸರಿಟ್ಟರು. 1963ರಲ್ಲಿ ಉದಾರ ಮನೋಭಾವದ ಡೇವಿಡ್ ಹಬ್ಬರ್ಡ್ ಅಧ್ಯಕ್ಷರಾದರು. ವಿಲ್ಬರ್ ಸ್ಮಿತ್, ಲಿಂಡ್‌ಸೆಲ್, ಗ್ಲೀಸನ್ ಆರ್ಚರ್ ಒಬ್ಬೊಬ್ಬರಾಗಿ ಹೊರಟುಹೋದರು.

ಈಗ ಅದೇ ದಿನಗಳಲ್ಲಿ ರೋಮಿನಲ್ಲಿ ಏನಾಗುತ್ತಿತ್ತು ನೋಡಿ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಮೊದಲ ಅಧಿವೇಶನ. ದೈವಪ್ರಕಟಣೆಯ ಬಗ್ಗೆ ಸಿದ್ಧಪಡಿಸಿದ್ದ ಕರಡು ಪತ್ರದಲ್ಲೂ ಬೈಬಲಿನಲ್ಲಿ ಧಾರ್ಮಿಕ ವಿಷಯವಿರಲಿ, ಲೌಕಿಕ ವಿಷಯವಿರಲಿ, ಯಾವ ತಪ್ಪೂ ಇಲ್ಲವೆಂಬ ಬೋಧನೆಯಿತ್ತು. ನವೆಂಬರ್ 20ರಂದು ಮತ ಹಾಕಿದಾಗ ಹೆಚ್ಚಿನ ಧರ್ಮಾಧ್ಯಕ್ಷರು ಆ ಕರಡಿನ ಚರ್ಚೆಯನ್ನೇ ನಿಲ್ಲಿಸಬೇಕೆಂದರು. ನಿಯಮದಂತೆ ಬೇಕಾದ ಮೂರರಲ್ಲಿ ಎರಡು ಭಾಗ ಸ್ವಲ್ಪದರಲ್ಲಿ ತಪ್ಪಿತು. ಮರುದಿನ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ತಾವೇ ಮುಂದಾಗಿ ಕರಡನ್ನು ಹಿಂದೆಗೆದು ಹೊಸ ಸಮಿತಿಗೆ ಒಪ್ಪಿಸಿದರು. ಪಸಡೀನಾದ ಕರಾಳ ಶನಿವಾರಕ್ಕೆ ಹನ್ನೊಂದು ದಿನ ಮೊದಲು ನಡೆದ ಮತದಾನ ಇದು! ಒಬ್ಬರಿಗೊಬ್ಬರು ಮುಖ ನೋಡದ ಎರಡು ಮನೆಗಳು ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಗೆ ನಿದ್ದೆಗೆಟ್ಟಿದ್ದವು. ನಮ್ಮ ಮನೆಯಲ್ಲೂ ನೋವಿರಲಿಲ್ಲವೆಂದಲ್ಲ. ರೋಮಿನ ಬೈಬಲ್ ಸಂಸ್ಥೆಯ ಇಬ್ಬರು ಯೇಸುಸಭೆಯ ಪ್ರಾಧ್ಯಾಪಕರು, ಲಿಯೊನೆ ಮತ್ತು ಜೆರ್ವಿಕ್, ಅದೇ 1962ರಲ್ಲಿ ಪಾಠ ಮಾಡದಂತೆ ತಡೆಯಲ್ಪಟ್ಟು 1964ರಲ್ಲಿ ಮರಳಿದರು.

1964ರ ಅಕ್ಟೋಬರ್ 2ರಂದು ವಿಯೆನ್ನಾದ ಕಾರ್ಡಿನಲ್ ಕೋನಿಗ್ ಮಹಾಸಭೆಯಲ್ಲಿ ಎದ್ದು ನೇರವಾಗಿ ಉದಾಹರಣೆಗಳನ್ನೇ ಕೊಟ್ಟರು. ದಾವೀದನು ನೈವೇದ್ಯದ ರೊಟ್ಟಿ ತಿಂದಾಗ ಅಬಿಯಾತರನು ಪ್ರಧಾನಯಾಜಕನಾಗಿದ್ದನೆಂದು ಮಾರ್ಕ 2:26 ಹೇಳುತ್ತದೆ. ಸಮುವೇಲನ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದ ಪ್ರಕಾರ ಅಂದು ರೊಟ್ಟಿ ಕೊಟ್ಟವನು ಅಹೀಮೆಲೆಕ. ಮತ್ತಾಯ 27:9 ಯೆರೆಮೀಯನ ಹೆಸರಿನಲ್ಲಿ ಉಲ್ಲೇಖಿಸುವ ಮಾತು ಮುಖ್ಯವಾಗಿ ಜೆಕರ್ಯನದು. ಕಾರ್ಡಿನಲರು ವಿಶ್ವಾಸವನ್ನು ಅಲುಗಿಸಲು ಇದನ್ನು ಹೇಳಲಿಲ್ಲ. ದೇವರು ಮನುಷ್ಯರ ಕೈಯಿಂದ, ಮನುಷ್ಯರ ಮಿತಿಯೊಡನೆಯೇ ಬರೆಸಿದರೆಂಬುದನ್ನು ಒಪ್ಪಿದರೆ ವಿಶ್ವಾಸಕ್ಕೆ ಭಯವಿಲ್ಲ ಎಂಬುದು ಅವರ ವಾದ. 1965ರ ನವೆಂಬರ್ 18ರಂದು ಪ್ರಕಟವಾದ ‘ದೇಯಿ ವೆರ್ಬುಂ’ ಪತ್ರದ 11ನೆಯ ಪರಿಚ್ಛೇದವನ್ನು ಓದಿ. ನಮ್ಮ ರಕ್ಷಣೆಗಾಗಿ ದೇವರು ಯಾವ ಸತ್ಯವನ್ನು ಬರೆಸಲು ಬಯಸಿದರೋ ಆ ಸತ್ಯವನ್ನು ಬೈಬಲ್ ತಪ್ಪಿಲ್ಲದೆ ಕಲಿಸುತ್ತದೆ ಎಂಬುದು ಅದರ ಸಾರ. ‘ಪೂರ್ತಿಯಾಗಿ ನಂಬುತ್ತೀರಾ’ ಎಂದು ಕೇಳಿದವರಿಗೆ ನೀವು ಕೊಡಬೇಕಾದ ಉತ್ತರ ಇದೇ. ಹೌದು, ಪೂರ್ತಿಯಾಗಿ: ಆದಿಕಾಂಡದಿಂದ ಪ್ರಕಟನೆಯವರೆಗೆ ಪ್ರತಿ ಪುಟದಲ್ಲೂ ದೇವರು ನಮಗೆ ಏನು ಹೇಳುತ್ತಿದ್ದಾರೋ ಅದನ್ನು.

ಫುಲ್ಲರ್ ಸೆಮಿನರಿ 1972ರಲ್ಲಿ ತನ್ನ ವಿಶ್ವಾಸ ಪ್ರಮಾಣವನ್ನು ತಿದ್ದಿತು. ವಿಶ್ವಾಸಕ್ಕೂ ಬಾಳಿಗೂ ಬೈಬಲೇ ತಪ್ಪದ ಏಕೈಕ ಮಾನದಂಡ ಎಂಬ ಅರ್ಥ ಬರುವಂತೆ ಬರೆದುಕೊಂಡಿತು. ನಮ್ಮ ಮಾತಿಗೆ ಎಷ್ಟು ಹತ್ತಿರ ನೋಡಿ! ಆದರೆ ‘ಏಕೈಕ’ ಎಂಬಲ್ಲಿ ನಾವು ಬೇರೆಯಾಗುತ್ತೇವೆ. ಬೈಬಲ್, ಪವಿತ್ರ ಪರಂಪರೆ, ಧರ್ಮಸಭೆಯ ಬೋಧನಾಧಿಕಾರ ಮೂರೂ ಒಂದನ್ನೊಂದು ಬಿಟ್ಟು ನಿಲ್ಲವು ಎಂದು ಅದೇ ‘ದೇಯಿ ವೆರ್ಬುಂ’ ಹಿಂದಿನ ಪರಿಚ್ಛೇದದಲ್ಲಿ ಹೇಳುತ್ತದೆ. ಈ ವ್ಯತ್ಯಾಸ ಬರಿಯ ಶಾಸ್ತ್ರದ ಮಾತಲ್ಲ. ಬೋಧನಾಧಿಕಾರವಿಲ್ಲದ ಕಡೆ ಒಂದು ಪದದ ಬಗ್ಗೆ ಜಗಳವಾದರೆ ತೀರ್ಪು ಕೊಡುವವರು ಯಾರು? ಧರ್ಮದರ್ಶಿಗಳು, ದಾನಿಗಳು, ಪತ್ರಿಕೆಗಳು. ಫುಲ್ಲರಿನಲ್ಲಿ ಆದದ್ದು ಅದೇ.

1976ರಲ್ಲಿ ಲಿಂಡ್‌ಸೆಲ್ ‘ದಿ ಬ್ಯಾಟಲ್ ಫಾರ್ ದ ಬೈಬಲ್’ ಎಂಬ ಪುಸ್ತಕ ಬರೆದು ತಾವು ಕಟ್ಟಿದ ಕಾಲೇಜಿನ ಮೇಲೆಯೇ ಒಂದು ಇಡೀ ಅಧ್ಯಾಯದ ದೋಷಾರೋಪಣೆ ಹೊರಿಸಿದರು. ಬೈಬಲಿನ ಒಂದೊಂದು ವಿವರವನ್ನೂ ಉಳಿಸಿಕೊಳ್ಳುವ ಹಟ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಆ ಪುಸ್ತಕದಲ್ಲೇ ಸಾಕ್ಷಿಯಿದೆ. ಸಂತ ಪೇತ್ರರು ಪ್ರಭುವನ್ನು ಅಲ್ಲಗಳೆದ ಸಂಗತಿಯಲ್ಲಿ ಮಾರ್ಕನ ಪ್ರಕಾರ ಕೋಳಿ ಎರಡು ಸಲ ಕೂಗುತ್ತದೆ. ಉಳಿದ ಮೂವರ ಕಥನದಲ್ಲಿ ಒಂದೇ ಕೂಗು. ಎಲ್ಲವನ್ನೂ ಸರಿಹೊಂದಿಸಲು ಲಿಂಡ್‌ಸೆಲ್ಲರು ಒಪ್ಪಿದ ಪರಿಹಾರವೆಂದರೆ ಪೇತ್ರರು ಒಟ್ಟು ಆರು ಸಲ ಅಲ್ಲಗಳೆದರು ಎಂಬುದು! ನಾಲ್ಕು ಶುಭಸಂದೇಶಗಳೂ ಮೂರು ಎನ್ನುತ್ತವೆ. ತಪ್ಪನ್ನು ತಪ್ಪಿಸಲು ಹೋಗಿ ನಾಲ್ವರೂ ಹೇಳದ್ದನ್ನು ಹೇಳಬೇಕಾಯಿತು.

ಭಾರತದಿಂದ ಹೋದ ಪಾಠ

ಫುಲ್ಲರಿನ ಕೀರ್ತಿಯ ಇನ್ನೊಂದು ಎಳೆ ನಮ್ಮ ದೇಶದಿಂದಲೇ ಹೋದದ್ದು. 1965ರಲ್ಲಿ ಅಲ್ಲಿ ಎರಡು ಹೊಸ ವಿಭಾಗಗಳು ಬಂದವು. ಒಂದು ಮನಶ್ಶಾಸ್ತ್ರದ್ದು, ಸೆಮಿನರಿಯೊಳಗೆ ಮನೋವೈದ್ಯಕೀಯ ಸಲಹೆಗಾರರನ್ನು ತಯಾರಿಸುವುದು ಆಗ ಹೊಸ ಸಾಹಸ. ಇನ್ನೊಂದು ಧರ್ಮಪ್ರಚಾರದ ಅಧ್ಯಯನ ವಿಭಾಗ. ಅದರ ಮೊದಲ ಮುಖ್ಯಸ್ಥರಾದ ಡೊನಾಲ್ಡ್ ಮೆಕ್‌ಗಾವ್ರನ್ ಹುಟ್ಟಿದ್ದು 1897ರಲ್ಲಿ, ಇಂದಿನ ಮಧ್ಯಪ್ರದೇಶದ ದಮೋಹ್‌ನಲ್ಲಿ. ಮಧ್ಯಭಾರತದಲ್ಲಿ ಅವರು ಬಹುಕಾಲ ದುಡಿದರು. ಆಸ್ಪತ್ರೆ, ಶಾಲೆ ಎಲ್ಲಾ ಇದ್ದರೂ ಕೆಲವು ಕಡೆ ಸಭೆ ಏಕೆ ಬೆಳೆಯುವುದಿಲ್ಲ, ಕೆಲವು ಕಡೆ ಏಕೆ ಹಬ್ಬುತ್ತದೆ ಎಂಬುದು ಅವರ ತಲೆತಿಂದ ಪ್ರಶ್ನೆ. ಮೆಥೊಡಿಸ್ಟ್ ಮಿಶನರಿ ಪಿಕೆಟ್ ಅವರು ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ 1933ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ಕಣ್ಣು ತೆರೆಸಿತು. ಜನ ಒಬ್ಬೊಬ್ಬರಾಗಿ ಅಲ್ಲ, ಕುಲವಾಗಿ, ಬಳಗವಾಗಿ ಬರುತ್ತಾರೆ. ಜಾತಿ, ಭಾಷೆ, ವರ್ಗದ ಗೆರೆ ದಾಟದೆಯೇ ಕ್ರೈಸ್ತರಾಗಲು ಬಯಸುತ್ತಾರೆ. 1955ರಲ್ಲಿ ಬಂದ ಅವರ ‘ದಿ ಬ್ರಿಡ್ಜಸ್ ಆಫ್ ಗಾಡ್’ ಪುಸ್ತಕ ಈ ವಿಚಾರವನ್ನು ಲೋಕಕ್ಕೆ ಹರಡಿತು.

ಜನರನ್ನು ಗಮನಿಸಿ ನೋಡಿದ ಮಾತು ಇದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಗಮನಿಸಿದ್ದನ್ನೇ ನಿಯಮ ಮಾಡಿಬಿಟ್ಟರೆ? ಒಂದೇ ಜಾತಿಯವರ ಸಭೆ ಬೇಗ ಬೆಳೆಯುತ್ತದೆಂದು ಅಂಥ ಸಭೆಗಳನ್ನೇ ಕಟ್ಟುತ್ತಾ ಹೋದರೆ ಎಫೆಸದವರಿಗೆ ಸಂತ ಪೌಲರು ಬರೆದ ಪತ್ರದ ಕೆಡವಿದ ಗೋಡೆ ಏನಾಯಿತು? 1977ರಲ್ಲಿ ಪಸಡೀನಾದಲ್ಲೇ ಸೇರಿದ ಸಮಾಲೋಚನೆಯಲ್ಲಿ ಇವ್ಯಾಂಜೆಲಿಕಲರೇ ಈ ಪ್ರಶ್ನೆ ಎತ್ತಿದರು. ನಾವು ಕಥೋಲಿಕರು ಅವರತ್ತ ಬೆರಳು ತೋರುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ತಮಿಳುನಾಡಿನ ಕೆಲವೆಡೆ ಒಂದೇ ಸ್ಮಶಾನದಲ್ಲಿ ಜಾತಿಗೊಂದು ಭಾಗವಿರುವುದು ಎಲ್ಲರಿಗೂ ಗೊತ್ತಿರುವ ವಿಷಯ. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದಾಗ ಧರ್ಮಸಭೆಯೊಳಗೆ ತಾರತಮ್ಯವಿದೆಯೆಂದು ಬಾಯ್ಬಿಟ್ಟು ಒಪ್ಪಿಕೊಂಡಿತು. ಮದುವೆ ಸಂಬಂಧ ನೋಡುವಾಗ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದೆಂದು ನೀವೇ ಬಲ್ಲಿರಿ.

ಕ್ಯಾರಿಸ್ಮಾಟಿಕ್ ಧ್ಯಾನಕೂಟಗಳಿಗೆ ಹೋಗುವವರಿಗೆ ಇನ್ನೊಂದು ಸಂಗತಿ. 1982ರಲ್ಲಿ ಜಾನ್ ವಿಂಬರ್ ಮತ್ತು ಪೀಟರ್ ವ್ಯಾಗ್ನರ್ ಫುಲ್ಲರಿನಲ್ಲಿ ಅದ್ಭುತಗಳ ಬಗ್ಗೆ ಒಂದು ತರಗತಿ ಆರಂಭಿಸಿದರು. ಪಾಠ ಮುಗಿದ ಮೇಲೆ ಅಲ್ಲೇ ರೋಗಿಗಳಿಗಾಗಿ ಪ್ರಾರ್ಥನೆ. ವಿದ್ಯಾರ್ಥಿಗಳು ಕಿಕ್ಕಿರಿದರು, ಉಳಿದ ಪ್ರಾಧ್ಯಾಪಕರು ಕಳವಳಗೊಂಡರು. ಗುಣವಾಗದವರ ಪಾಡೇನು? ಶಿಲುಬೆ ಹೊರುವ ರೋಗಿಯ ವಿಶ್ವಾಸ ಕಡಿಮೆಯದೇ? ಕೆಲವು ವರ್ಷಗಳಲ್ಲಿ ತರಗತಿ ನಿಂತಿತು. 1987ರಲ್ಲಿ ಪ್ರಾಧ್ಯಾಪಕರು ಈ ವಿಷಯವನ್ನು ಕುರಿತು ಒಂದು ವರದಿಯನ್ನೇ ಪ್ರಕಟಿಸಿದರು. ಅವರ ಪ್ರಶ್ನೆಗಳು ನಮ್ಮ ಧ್ಯಾನಕೇಂದ್ರಗಳಲ್ಲೂ ಕೇಳಬೇಕಾದವೇ.

ಅದೇ ಸೆಮಿನರಿ ಕೊನೆಗಾಲದಲ್ಲಿ ಡೇವಿಡ್ ದು ಪ್ಲೆಸ್ಸಿಸ್ ಎಂಬ ಪೆಂತೆಕೋಸ್ತ್ ಹಿರಿಯರಿಗೆ ಆಶ್ರಯ ಕೊಟ್ಟಿತು. 1964ರಲ್ಲಿ ವ್ಯಾಟಿಕನ್ ಮಹಾಸಭೆಗೆ ಅತಿಥಿಯಾಗಿ ಬಂದವರು, 1972ರಲ್ಲಿ ಆರಂಭವಾದ ಕಥೋಲಿಕ–ಪೆಂತೆಕೋಸ್ತ್ ಸಂವಾದಕ್ಕೆ ಕಾರಣರಾದವರು ಅವರು. 1992ರಿಂದ ಆ ಸಂವಾದದಲ್ಲಿ ಪೆಂತೆಕೋಸ್ತರ ಕಡೆಯ ಸಹ ಅಧ್ಯಕ್ಷತೆ ವಹಿಸಿದ ಸಿಸಿಲ್ ರೋಬೆಕ್ ಫುಲ್ಲರಿನ ಪ್ರಾಧ್ಯಾಪಕರು. 1994ರಲ್ಲಿ ಅಮೆರಿಕದ ಇವ್ಯಾಂಜೆಲಿಕಲರೂ ಕಥೋಲಿಕರೂ ಕೂಡಿ ಹೊರತಂದ ಹೇಳಿಕೆಗೆ ಸಹಿ ಹಾಕಿದವರಲ್ಲಿ ಆಗಿನ ಅಧ್ಯಕ್ಷ ರಿಚರ್ಡ್ ಮೌ ಇದ್ದರು. ಕೆನಡಿಯನ್ನು ವಿರೋಧಿಸಿದ ಆಕೆಂಗಾ ಕುಳಿತಿದ್ದ ಕುರ್ಚಿ ಅದು.

ಇಂದು ಫುಲ್ಲರಿನ ಹೆಸರು ಹೇಳಿದರೆ ಕಟ್ಟಾ ಫಂಡಮೆಂಟಲಿಸ್ಟರು ಮುಖ ಸಿಂಡರಿಸುತ್ತಾರೆ, ಉದಾರವಾದಿಗಳು ಇನ್ನೂ ಸಂಪ್ರದಾಯಸ್ಥರೆನ್ನುತ್ತಾರೆ. ಹಣದ ಕಷ್ಟವೂ ಬಂದಿದೆ: 2018ರಲ್ಲಿ ಪಸಡೀನಾದ ಆವರಣವನ್ನು ಮಾರಿ ಪೊಮೋನಾಕ್ಕೆ ಹೋಗುವುದಾಗಿ ಘೋಷಿಸಿ, 2019ರಲ್ಲಿ ಅದನ್ನು ಕೈಬಿಟ್ಟರು. 2023ರಲ್ಲಿ ಡೇವಿಡ್ ಗೋಟ್ಲಿ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಜನಾಂಗದವರು.

ಈ ವಾರ ಮನೆಯ ಪ್ರಾರ್ಥನೆಯ ನಂತರ ಮಾರ್ಕ 2:23–28 ಮತ್ತು ಸಮುವೇಲನ ಮೊದಲನೆಯ ಗ್ರಂಥ 21:1–6 ಎರಡನ್ನೂ ಜೊತೆಯಾಗಿ ಓದಿ. ಹಾಗೆಯೇ ಸಮುವೇಲನ ಎರಡನೆಯ ಗ್ರಂಥ 10:18ರಲ್ಲೂ ಪೂರ್ವಕಾಲ ವೃತ್ತಾಂತದ ಮೊದಲನೆಯ ಗ್ರಂಥ 19:18ರಲ್ಲೂ ರಥಗಳ ಲೆಕ್ಕ ನೋಡಿ: ಒಂದರಲ್ಲಿ 700, ಇನ್ನೊಂದರಲ್ಲಿ 7,000. ಮಕ್ಕಳು ಮೊದಲು ಕಂಡುಹಿಡಿಯಲಿ. ಅವರು ‘ಯಾವುದು ಸರಿ?’ ಎಂದು ಕೇಳಿದಾಗ ಗದರಿಸಬೇಡಿ. ಹಸಿದವರಿಗೆ ದೇವಾಲಯದ ರೊಟ್ಟಿಯನ್ನು ಕೊಟ್ಟದ್ದು ಸರಿಯೇ ಎಂದು ತಿರುಗಿ ಕೇಳಿ, ಅವರು ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಿ.